ವಲ್ಲಿಯ ಕೆಳಗೆ

ನಾಲ್ಕಕ್ಕೆ ಇನ್ನು ಆರೇ ನಿಮಿಷ ಅನ್ನುವಾಗ
ರಾಜೇಂದ್ರ ಗಂಜಿನ ಹತ್ತಿ ಕಟ್ಟೆಯ ಮೇಲೆ
ನೂರಾ ನಲವತ್ತು ಖರೀದಿದಾರರು, ಎಂಟುನೂರು ಲಾಟು,
ಎಲ್ಲರೂ ಒಂದೇ ಉಸಿರಿಗೆ ಧಾರಣೆ ಒತ್ತುತ್ತಿದ್ದರು.
ಮೂಲೆಕೋಣೆಯಲ್ಲಿ ನನ್ನ ಹಳೇ ಸರ್ವರು
ಏದುಸಿರು ಬಿಡುತ್ತಿತ್ತು.

ಪ್ರತಿ ಧಾರಣೆಯನ್ನೂ ಮುಚ್ಚಿಡಬೇಕು, ನಾಲ್ಕರವರೆಗೆ
ಯಾರಿಗೂ ಕಾಣದಂತೆ, ನನಗೂ.
ಕೀಲಿ ಇರುವುದು ಒಳಗೆ, ಕರ್ನಲ್‌ನ ಹತ್ತಿರ.
ನನ್ನ ಪ್ರೋಗ್ರಾಮು ಹೊಸ್ತಿಲ ಈಚೆ ನಿಂತು
ಬಾಗಿಲು ಬಡಿಯುತ್ತಿತ್ತು: ಒಂದು ಧಾರಣೆಗೆ ಒಂದು ಬಡಿತ.
ಒಳಗಿನವನು ಎದ್ದು ಬಂದು
ನನ್ನ ಹಲಗೆಯಿಂದ ತನ್ನ ಹಲಗೆಗೆ ಅಂಕಿ ಇಳಿಸಿಕೊಂಡು,
ಗುಟ್ಟು ಮಾಡಿ,
ತನ್ನ ಹಲಗೆಯಿಂದ ನನ್ನ ಹಲಗೆಗೆ ಮತ್ತೆ ಬರೆದು,
ಬಾಗಿಲು ಹಾಕಿಕೊಳ್ಳುತ್ತಿದ್ದ.
ಮತ್ತೆ ಬಡಿತ.

ಗಣಿತವೇ ಭಾರ ಅಂದುಕೊಂಡಿದ್ದೆ.
ಹೊಸ ಪ್ರೊಸೆಸರಿಗೆ ಅರ್ಜಿ ಬರೆದೆ, ಮೂರು ಪ್ರತಿ;
ಕಾರ್ಯದರ್ಶಿ ಅದರ ಮೇಲೆ ಚಹಾದ ಲೋಟ ಇಟ್ಟರು.
ಬೇರೆ ದಾರಿ ಕಾಣದೆ ಒಂದು ಭಾನುವಾರ,
ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿದ್ದಾಗ,
ಅಳೆದು ನೋಡಿದೆ:
ಬೀಗ ಹಾಕಲು ಹಿಡಿದದ್ದು ನೂರಕ್ಕೆ ಒಂಬತ್ತು ಪಾಲು.
ಉಳಿದದ್ದೆಲ್ಲ
ಹೋಗುವುದು, ಬರುವುದು, ಬರೆದದ್ದನ್ನೇ ಬರೆಯುವುದು.

ಕಿಟಕಿಯಾಚೆ ಹಮಾಲ ಜಿಂದಪ್ಪ
ಲಾರಿಯಿಂದ ಅಂಡಿಗೆ ಇಳಿಸುತ್ತಿದ್ದ.
ಹೊತ್ತದ್ದನ್ನು ನಡುವೆ ಕೆಳಗಿಟ್ಟು ಮತ್ತೆ ಹೊರಬಾರದೆಂದು
ಅವನ ಬೆನ್ನಿಗೆ ಹದಿನಾರಕ್ಕೇ ಗೊತ್ತಾಗಿತ್ತು.

ದಾರಿ ಸಿಕ್ಕಿದ್ದು ರಾಚೋಟೆಪ್ಪನವರ ಬಾಯಿಂದ.
ಅಡತಿ ಅಂಗಡಿಯನ್ನು ಮಗಳಿಗೆ ಬಿಟ್ಟು
ಈಗ ಕ್ಯಾಂಟೀನಿನ ಬೆಂಚಿನಲ್ಲಿ ಸುಸಲಾ ಮೆಲ್ಲುವವರು.
"ನಮ್ಮ ಕಾಲದಾಗ ಮಷೀನ ಎಲ್ಲಿತ್ತವ್ವ?
ವಲ್ಲಿ ಹೊದಿಸಿ, ಅದರ ಕೆಳಗ ಕೈ ಹಿಡೀತಿದ್ವಿ.
ಬೆರಳು ಒತ್ತಿದರ ಸಾವಿರ, ಗೆಣ್ಣು ಮುಟ್ಟಿದರ ನೂರು.
ಹೇಳಾಂವನ ಕೈನೂ ಅಲ್ಲೇ, ಕೇಳಾಂವನ ಕೈನೂ ಅಲ್ಲೇ.
ನಡುವ ಚೀಟಿ ಯಾಕ ಬೇಕು?"

ಚಹಾ ಆರಲು ಬಿಟ್ಟು ಓಡಿದೆ.
ಪ್ರೋಗ್ರಾಮಿಗೂ ಕರ್ನಲ್‌ಗೂ ನಡುವೆ
ಮೆಮೊರಿಯ ಒಂದು ಪುಟ ಹಾಸಿದೆ,
ಇಬ್ಬರ ಕೈಗೂ ಎಟಕುವಂತೆ.
ನಕಲು ಇಲ್ಲ. ಅರವತ್ತನಾಲ್ಕು ಧಾರಣೆ ಕೂಡಿದ ಮೇಲೆ
ಒಂದೇ ಒಂದು ಬಡಿತ.

ಗುರುವಾರ, ಒಂದೂವರೆ ನಿಮಿಷ ಎಳೆಯುತ್ತಿದ್ದದ್ದು
ಆರು ಸೆಕೆಂಡಿಗೆ ಮುಗಿಯಿತು. ಜಿಂದಪ್ಪನಿಗೂ ಪೇಡೆ ಕೊಟ್ಟೆ.
ಶುಕ್ರವಾರ
ಮಾನ್ವಿಯ ಖಾಜಾಬಿಯವರ ಲಾಟು ತೆರೆದಾಗ
ಏಳು ಸಾವಿರದ ಇನ್ನೂರು ಇರಬೇಕಾದ ಕಡೆ
ಯಾವ ತಕ್ಕಡಿಗೂ ಒಗ್ಗದ ಒಂದು ಸಂಖ್ಯೆ.

ಅವಸರ ನನ್ನದು.
ಒಳಗಿನವನು ಇನ್ನೂ ಓದುತ್ತಿರುವಾಗಲೇ
ಅದೇ ಪುಟದ ಮೇಲೆ ಮುಂದಿನ ಧಾರಣೆ ಬರೆದಿದ್ದೆ.
ಅರ್ಧ ಒಬ್ಬನದು, ಅರ್ಧ ಇನ್ನೊಬ್ಬನದು,
ಎರಡಕ್ಕೂ ಸೇರಿ ಗಟ್ಟಿ ಬೀಗ.
ಖಾಜಾಬಿ ಕೌಂಟರಿನ ಕಂಬಿ ಹಿಡಿದು ನಿಂತರು.
"ನನ್ನ ಹತ್ತಿ ಎಷ್ಟಕ್ಕ ಹೋತವ್ವ?"
ಮರುದಿನದ ಟೆಂಡರಿನಲ್ಲಿ
ಕ್ವಿಂಟಲಿಗೆ ಎಪ್ಪತ್ತು ಕಡಿಮೆ ಬಿತ್ತು.

ರಾಚೋಟೆಪ್ಪ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, ತಮ್ಮ ಕೈಯನ್ನೇ ನೋಡುತ್ತ:
"ಅದೊಂದು ಹೇಳೋದು ಮರತಿದ್ದೆ.
ಎದುರಿನಾಂವ ಹ್ಞೂಂ ಅನ್ನೋತನಕ
ಬೆರಳು ಕದಲಸಬಾರದು."

ಒಂದು ಸಾಲು ಸೇರಿಸಿದೆ, ಕಾಯುವ ಸಾಲು.
ಆರು ಸೆಕೆಂಡು ಎಂಟಾಯಿತು.
ಎಪ್ಪತ್ತರ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ಈಗ ನಾಲ್ಕು ಹೊಡೆಯುತ್ತಿದೆ.
ಕಟ್ಟೆಯಿಂದ ಹಾರಿ ಬಂದ ಹತ್ತಿಯ ಎಳೆಯೊಂದು
ಕೀಬೋರ್ಡಿನ ಮೇಲೆ, ನನ್ನ ಬೆರಳ ಸಂದಿಯಲ್ಲಿ ಕೂತಿದೆ.
ತೆಗೆಯುವುದಿಲ್ಲ.
ಒಳಗಿನವನು ಇನ್ನೂ ಹ್ಞೂಂ ಅಂದಿಲ್ಲ.